ಓಟಿದ್ದವಳು, ಓಟಿಲ್ಲದವನು

ಒಂದು ಮನೆಯ ಜಗಳವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಜಗಳ ನಡೆದದ್ದು ಲಂಡನ್ನಿನ ಸಮೀಪದಲ್ಲಿರುವ ನನ್ನ ತಂಗಿಯ ಮನೆಯಲ್ಲಿ. ಆದರೆ ಅದೇ ಜಗಳ ಆಗ ಇಡೀ ಬ್ರಿಟನ್ನಿನಲ್ಲಿ ನಡೆಯುತ್ತಿತ್ತು, ಇಂದಿಗೂ ಪೂರ್ತಿ ಮುಗಿದಿಲ್ಲ. ಎರಡೂ ಕಡೆಯ ಮಾತನ್ನು ಕೇಳಿ ನ್ಯಾಯ ಹೇಳಬೇಕಾದವರು ನೀವು.

2016ನೇ ಇಸವಿ ಜೂನ್ 24, ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆಯಿರಬಹುದು. ನಮ್ಮ ಯಜಮಾನರು ಆಫೀಸಿಗೆ ಹೊರಟಾಗಿತ್ತು. ನಾನು ಇಡ್ಲಿಗೆ ಅಕ್ಕಿ, ಉದ್ದು ತೊಳೆದು ನೆನೆಹಾಕುತ್ತಿದ್ದೆ. ಫೋನು ಬಂತು. ತಂಗಿಯ ಮಗ, ನಾವೆಲ್ಲ ಪುಟ್ಟ ಎಂದು ಕರೆಯುವ ಹುಡುಗ. ಅವನಿಗೆ ಹದಿನೇಳು ತುಂಬಲು ಇನ್ನೊಂದು ತಿಂಗಳಿತ್ತು. ಅಲ್ಲಿ ಆಗ ಬೆಳಗಿನ ಜಾವ ಐದೂವರೆ. ರಾತ್ರಿಯಿಡೀ ಟೀವಿಯ ಮುಂದೆ ಕೂತಿದ್ದನಂತೆ.

"ದೊಡ್ಡಮ್ಮ, ಹೊರಗೆ ಹೋಗೋದು ಅಂತ ಆಯ್ತು" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮಂಗೆ ಓಟಿತ್ತು, ಹಾಕಲಿಲ್ಲ. ನಂಗೆ ಹಾಕಬೇಕಿತ್ತು, ಓಟಿರಲಿಲ್ಲ" ಎಂದ. ಅವನ ಗಂಟಲು ಕಟ್ಟಿತ್ತು. ನಾನು ಏನು ಹೇಳಬೇಕೆಂದು ತೋಚದೆ, "ಮೊದಲು ಮಲಗು ಕಂದ" ಎಂದುಬಿಟ್ಟೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು.

ವಿಷಯ ನಿಮಗೆ ನೆನಪಿರಬಹುದು. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ ಎಂದು ಅಲ್ಲಿನ ಸರ್ಕಾರ ಜನರನ್ನೇ ಕೇಳಿತು. ಅದನ್ನೇ ಬ್ರೆಕ್ಸಿಟ್ ಜನಮತಗಣನೆ ಎಂದು ಪತ್ರಿಕೆಗಳು ಬರೆದವು. ಜೂನ್ 23ರಂದು ಮತದಾನ. ಬಿಡಬೇಕು ಎಂದವರು 1 ಕೋಟಿ 74 ಲಕ್ಷ. ಉಳಿಯಬೇಕು ಎಂದವರು 1 ಕೋಟಿ 61 ಲಕ್ಷ. ಶೇಕಡಾ 51.9 ಮತ್ತು 48.1. ಅಂತರ ಹನ್ನೆರಡು ಲಕ್ಷದ ಅರವತ್ತೊಂಬತ್ತು ಸಾವಿರ ಚಿಲ್ಲರೆ. ಅಷ್ಟರ ಮೇಲೆ ನಾಲ್ಕು ದಶಕಕ್ಕೂ ಹಿಂದಿನ ಸಂಬಂಧ ಮುರಿಯಿತು. 2020ರ ಜನವರಿ 31ರಂದು ಬ್ರಿಟನ್ ಹೊರಗೆ ಬಂತು.

ಈಗ ತಂಗಿಯ ಮನೆಗೆ ಬರೋಣ. ಅವರು 2006ರಲ್ಲಿ ಅಲ್ಲಿಗೆ ಹೋದವರು. ತಂಗಿಯ ಗಂಡ ಮತ್ತು ಪುಟ್ಟ ಅಲ್ಲಿನ ಪೌರತ್ವ ಪಡೆದರು. ತಂಗಿ ಮಾತ್ರ ಭಾರತದ ಪಾಸ್‌ಪೋರ್ಟನ್ನು ಬಿಟ್ಟುಕೊಡಲಿಲ್ಲ. ಅಪ್ಪ ಮಾಡಿಸಿಕೊಟ್ಟದ್ದು, ಇರಲಿ ಎನ್ನುತ್ತಿದ್ದಳು. ಆದರೂ ಅವಳಿಗೆ ಓಟಿತ್ತು! ಇದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಹಾಗಾಗಿ ಭಾರತದ ಪಾಸ್‌ಪೋರ್ಟ್ ಹಿಡಿದ ನನ್ನ ತಂಗಿಗೆ ಮತ. ಮೂವತ್ತು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದ ಜರ್ಮನಿಯ ಪ್ರಜೆಗೆ ಮತವಿಲ್ಲ. ಅಲ್ಲಿನ ಶಾಲೆಯಲ್ಲೇ ಓದಿ ಬೆಳೆದ ಪುಟ್ಟನಿಗೂ ಇಲ್ಲ.

ಆ ದಿನ ಲಂಡನ್ ಸುತ್ತಮುತ್ತ ಭಾರಿ ಮಳೆ. ರಸ್ತೆಗಳಲ್ಲಿ ನೀರು, ರೈಲುಗಳು ಅಸ್ತವ್ಯಸ್ತ. ತಂಗಿಯ ಗಂಡ ಬೆಳಿಗ್ಗೆಯೇ ಹೋಗಿ 'ಬಿಡಬೇಕು' ಎಂದು ಗುರುತು ಹಾಕಿ ಬಂದರು. ಅವರಿಗೆ ಅವರದೇ ಕಾರಣವಿತ್ತು. "ಯೂರೋಪಿನವರು ವೀಸಾ ಇಲ್ಲದೆ ಬಂದು ಇಳೀತಾರೆ. ನಾವು ಪ್ರತಿ ಸಲ ದುಡ್ಡು ಸುರಿದು, ಕಾಗದಪತ್ರ ಹೊತ್ತು ಅಲೆದಿದ್ದೇವೆ. ಎಲ್ಲರಿಗೂ ಒಂದೇ ನಿಯಮ ಬರಲಿ" ಎನ್ನುತ್ತಿದ್ದರು. ಅಲ್ಲಿನ ಅನೇಕ ಭಾರತೀಯರ ಮಾತೂ ಅದೇ ಆಗಿತ್ತು. ಅವರ ಲೆಕ್ಕ ಪೂರ್ತಿ ಸುಳ್ಳಾಗಲೂ ಇಲ್ಲ ಎನ್ನಬೇಕು. 2021ರಲ್ಲಿ ಎಲ್ಲರಿಗೂ ಒಂದೇ ಬಗೆಯ ವೀಸಾ ಪದ್ಧತಿ ಬಂದ ಮೇಲೆ ನಮ್ಮ ದೇಶದಿಂದ ಅಲ್ಲಿಗೆ ಹೋದವರ ಸಂಖ್ಯೆ ಏರಿತು.

ಪುಟ್ಟನ ಲೆಕ್ಕವೇ ಬೇರೆ. ಅವನು ನೆದರ್ಲ್ಯಾಂಡ್ಸಿನಲ್ಲಿ ಓದಿ ಅಲ್ಲೇ ಕೆಲಸ ಹುಡುಕಬೇಕೆಂದಿದ್ದ. ಆಗ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಒಕ್ಕೂಟದ ಯಾವ ದೇಶದಲ್ಲಾದರೂ ವೀಸಾ ಇಲ್ಲದೆ ಓದಬಹುದಿತ್ತು, ದುಡಿಯಬಹುದಿತ್ತು. ಬೆಳಿಗ್ಗೆಯಿಂದ ಅಮ್ಮನ ಹಿಂದೆ ಬಿದ್ದಿದ್ದನಂತೆ, "ನೀನಾದರೂ ಹೋಗಿ ಬಾ" ಎಂದು. ತಂಗಿ, "ಮಳೆ ನಿಲ್ಲಲಿ" ಎಂದಳು. ಸಂಜೆಯಾಯಿತು. "ನಮಗ್ಯಾಕಪ್ಪ ಇವರ ಮನೆ ಜಗಳ? ನಿಮ್ಮಪ್ಪ ಒಂದು ಕಡೆ, ನೀನೊಂದು ಕಡೆ, ನಾನು ಯಾರಿಗೆ ಹಾಕಲಿ?" ಎಂದಳು. ರಾತ್ರಿ ಹತ್ತಕ್ಕೆ ಮತಗಟ್ಟೆಯ ಬಾಗಿಲು ಹಾಕಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇದೆಯಲ್ಲ, ಇಲ್ಲಿ ಗಂಡ ಹೆಂಡಿರು ಜಗಳವನ್ನೇ ಆಡಲಿಲ್ಲ, ಕೂಸು ಮಾತ್ರ ಬಡವಾಯಿತು. ಆಮೇಲೆ ಸುಮಾರು ಮೂರು ತಿಂಗಳು ಪುಟ್ಟ ತಾಯಿಯೊಡನೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ತಂದೆಯೊಡನೆ ಅದೂ ಇಲ್ಲ.

ಹದಿನಾರು, ಹದಿನೇಳರ ಮಕ್ಕಳಿಗೆ ಈ ಜನಮತಗಣನೆಯಲ್ಲಿ ಓಟು ಕೊಡಬೇಕೇ ಎಂಬ ಪ್ರಶ್ನೆ ಪಾರ್ಲಿಮೆಂಟಿಗೂ ಬಂದಿತ್ತು. 2015ರ ನವೆಂಬರ್ 18ರಂದು ಲಾರ್ಡ್ಸ್ ಸಭೆ, ಕೊಡಬೇಕು ಎಂದು 293-211 ಮತಗಳಿಂದ ತಿದ್ದುಪಡಿ ಮಾಡಿತು. ನೆರೆತ ತಲೆಗಳೇ ಹೆಚ್ಚಾಗಿರುವ ಮೇಲ್ಮನೆ ಮಕ್ಕಳ ಪರವಾಗಿ ನಿಂತದ್ದು ವಿಶೇಷ. ಜನ ಆರಿಸಿ ಕಳಿಸಿದ ಕಾಮನ್ಸ್ ಸಭೆ ಡಿಸೆಂಬರ್ 8ರಂದು ಅದನ್ನು ತಳ್ಳಿಹಾಕಿತು. ಇದರಿಂದ ಸುಮಾರು 60 ಲಕ್ಷ ಪೌಂಡ್ ಖರ್ಚು ಬರುತ್ತದೆ, ಹಣದ ವಿಷಯದಲ್ಲಿ ಕೆಳಮನೆಯ ಮಾತೇ ಅಂತಿಮ ಎಂಬ ಕಾರಣ ಕೊಟ್ಟರು. ಡಿಸೆಂಬರ್ 14ರಂದು ಲಾರ್ಡ್ಸ್ ಸಭೆ ಸುಮ್ಮನಾಯಿತು.

ಇಲ್ಲೊಂದು ಮಾತು ಹೇಳದಿರಲಾರೆ. ಲಾರ್ಡ್ಸ್ ಸಭೆಯ ಆ ಮತದಾನಕ್ಕೆ ಸರಿಯಾಗಿ ನಾಲ್ಕು ದಿನ ಮೊದಲು, ನವೆಂಬರ್ 14ರಂದು, ಥೇಮ್ಸ್ ನದಿಯ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯನ್ನು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದರು. ತಂಗಿ ಫೋಟೋ ಕಳಿಸಿದ್ದಳು. ಆ ಬಸವಣ್ಣನವರ ಅಕ್ಕನ ಮಗನೇ ಚೆನ್ನಬಸವಣ್ಣ. ಎಳೆಯ ವಯಸ್ಸಿನಲ್ಲೇ ಹಿರಿಯ ಶರಣರಿಂದ ಅವಿರಳಜ್ಞಾನಿ ಎನಿಸಿಕೊಂಡವರು. ಅನುಭವ ಮಂಟಪದಲ್ಲಿ ಅವರ ಮಾತು ಕೇಳುವ ಮೊದಲು ಯಾರೂ ವಯಸ್ಸು ಕೇಳಲಿಲ್ಲ. ನದಿಯ ಆ ದಡದಲ್ಲಿ ಆ ನೆನಪು ನಿಂತಿದೆ, ಈ ದಡದಲ್ಲಿ ವಾದ ನಡೆದಿದೆ ಎಂದು ನನಗೆ ಆಮೇಲೆ ಅನ್ನಿಸಿತು.

ಮಕ್ಕಳ ಪರ ವಾದಿಸಿದವರು ಸ್ಕಾಟ್ಲೆಂಡನ್ನು ತೋರಿಸುತ್ತಿದ್ದರು. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಜನಮತಗಣನೆ ನಡೆದಾಗ ಹದಿನಾರು ತುಂಬಿದವರಿಗೆಲ್ಲ ಓಟು ಕೊಟ್ಟಿದ್ದರು. ನೂರಕ್ಕೆ ಸುಮಾರು 85 ಮಂದಿ ಬಂದು ಮತ ಹಾಕಿದರು. ಬೇರೆಯಾಗುವುದು ಬೇಡವೆಂದು ತೀರ್ಮಾನವಾಯಿತು. ಮಕ್ಕಳು ಓಟು ಹಾಕಿದ್ದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ. ಆಗ ಆಗತಾನೇ ಹದಿನಾರು ತುಂಬಿದ್ದ ಕೆಲವರಿಗೆ 2016ರ ಜೂನ್‌ನಲ್ಲಿ ಹದಿನೆಂಟು ತುಂಬಿರಲಿಲ್ಲ. ಅಂದರೆ ತಮ್ಮ ನಾಡು ಬ್ರಿಟನ್ನನ್ನು ಬಿಡಬೇಕೇ ಎಂದು ಹೇಳುವಷ್ಟು ಬುದ್ಧಿ ಹದಿನಾರರಲ್ಲಿ ಇದ್ದ ಮಕ್ಕಳಿಗೆ, ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೇ ಎಂದು ಹೇಳುವ ಬುದ್ಧಿ ಹದಿನೇಳರಲ್ಲಿ ಇರಲಿಲ್ಲ! ಇದಕ್ಕೆ ಏನೆನ್ನುತ್ತೀರಿ?

ಎದುರು ಪಕ್ಷದ ಮಾತನ್ನೂ ಕೇಳೋಣ. ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು. ಹದಿನಾರಾದರೆ ಹದಿನೈದು ಏಕಿಲ್ಲ? ಹದಿನೆಂಟಕ್ಕೆ ಮುಂಚೆ ಮದ್ಯ ಮಾರುವುದಿಲ್ಲ, ಸಾಲ ಕೊಡುವುದಿಲ್ಲ, ಹಾಗಿರುವಾಗ ದೇಶದ ಹಣೆಬರಹವನ್ನು ಅವರ ಕೈಗೆ ಕೊಡುವುದೇ? ಶಾಲೆಯ ಮೇಷ್ಟರು, ಸ್ನೇಹಿತರು ಹೇಳಿದ ಕಡೆಗೆ ವಾಲುತ್ತಾರೆ. ಇವು ತಳ್ಳಿಹಾಕುವ ಮಾತುಗಳಲ್ಲ. ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು, ಹದಿನಾರರ ಹುಡುಗ ಬೆಳಿಗ್ಗೆ ಒಂದು ಹೇಳಿ ಸಂಜೆ ಇನ್ನೊಂದು ಹೇಳುತ್ತಾನೆ.

ಆದರೆ ಈ ಮಾತು ಓದುವಾಗಲೆಲ್ಲ ನನಗೆ ನನ್ನದೇ ಮೊದಲ ಓಟು ನೆನಪಾಗುತ್ತದೆ. 1989ರ ನವೆಂಬರ್. ನಾನು ಶಿವಮೊಗ್ಗದಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಓದುತ್ತಿದ್ದೆ, ಹತ್ತೊಂಬತ್ತು ವರ್ಷ. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಇಪ್ಪತ್ತೊಂದು ತುಂಬಿದ ಮೇಲೇ ಓಟು. 1988ರ ಡಿಸೆಂಬರಿನಲ್ಲಿ, ಆಗ ಕೇಂದ್ರ ಮಂತ್ರಿಯಾಗಿದ್ದ ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ ಅವರು ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯಿಂದ ಸಂವಿಧಾನಕ್ಕೆ 61ನೇ ತಿದ್ದುಪಡಿ ಆಗಿ ಅದು ಹದಿನೆಂಟಕ್ಕೆ ಇಳಿಯಿತು. 1989ರ ಮಾರ್ಚ್ 28ರಿಂದ ಜಾರಿಗೆ ಬಂತು. ಹಾಗೆ ಓಟು ಸಿಕ್ಕಿದವರಲ್ಲಿ ನಾನೂ ಒಬ್ಬಳು.

ನಮ್ಮ ಅಪ್ಪನಿಗೆ ಅದು ಹಿಡಿಸಿರಲಿಲ್ಲ. "ತಲೆ ಬಾಚಿಕೊಳ್ಳೋಕೆ ಬರದ ಹುಡುಗರಿಗೆ ಓಟಂತೆ" ಎಂದು ಪಕ್ಕದ ಮನೆಯವರೊಡನೆ ಜಗುಲಿಯಲ್ಲಿ ನಗುತ್ತಿದ್ದರು. ಮತದಾನದ ದಿನ ತಿಂಡಿ ತಿನ್ನುತ್ತಾ ನನಗೂ ಅಮ್ಮನಿಗೂ ಯಾವ ಗುರುತಿಗೆ ಒತ್ತಬೇಕೆಂದು ಹೇಳಿದರು. ಅಂದು ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ, ಕೈಗೆ ಎರಡು ಕಾಗದ. ಹೊಸ ಸೀರೆ ಉಟ್ಟು ಹೋಗಿದ್ದೆ. ಅಪ್ಪ ಹೇಳಿದ ಎರಡೂ ಕಡೆ ಮುದ್ರೆ ಒತ್ತಿ ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ. ಯಾಕೆ ಅಲ್ಲಿಗೇ ಒತ್ತಿದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಪುಟ್ಟನೋ, ಹದಿನಾರಕ್ಕೇ ಮೀನುಗಾರಿಕೆಯಿಂದ ವೀಸಾದವರೆಗೆ ಎರಡೂ ಪಕ್ಷದ ವಾದವನ್ನು ಓದಿಕೊಂಡಿದ್ದ. ಹತ್ತೊಂಬತ್ತರ ನಾನು ಪ್ರೌಢಳು, ಹದಿನಾರರ ಅವನು ಎಳಸು ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಓಟಿನ ಆಸೆಗೆ ವಯಸ್ಸು ಇಳಿಸುತ್ತಾರೆ ಎಂದು ಹೇಳುವವರೂ ಇದ್ದಾರೆ. ಇತಿಹಾಸ ನೋಡಿದರೆ ನಗು ಬರುತ್ತದೆ. ಬ್ರಿಟನ್ನಿನಲ್ಲಿ 1969ರಲ್ಲಿ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸಿದ್ದು ಹೆರಾಲ್ಡ್ ವಿಲ್ಸನ್ ಸರ್ಕಾರ. 1970ರ ಚುನಾವಣೆಯಲ್ಲಿ ಅದು ಸೋತಿತು. ಇಲ್ಲಿ ಇಳಿಸಿದ್ದು ರಾಜೀವ್ ಗಾಂಧಿ ಸರ್ಕಾರ. 1989ರಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 27ನ್ನು ಗೆದ್ದರೂ ದೆಹಲಿಯ ಗದ್ದುಗೆ ಕಳೆದುಕೊಂಡಿತು. ಮಕ್ಕಳು ಕೊಟ್ಟವರ ಋಣ ತೀರಿಸಲು ಓಟು ಹಾಕುವುದಿಲ್ಲ ಎಂದಾಯಿತು.

"ಅವರಿಗೆ ಏನು ಗೊತ್ತು?" ಎಂಬ ಮಾತಂತೂ ನಮ್ಮಂಥ ಗೃಹಿಣಿಯರಿಗೆ ಹಳೆಯ ಪರಿಚಯ. ಬ್ರಿಟನ್ನಿನಲ್ಲಿ 1918ರಲ್ಲಿ ಹೆಂಗಸರಿಗೆ ಓಟು ಕೊಟ್ಟಾಗ ಗಂಡಸರಿಗೆ ಇಪ್ಪತ್ತೊಂದು, ಹೆಂಗಸರಿಗೆ ಮೂವತ್ತು. ಅದೂ ಆಸ್ತಿಪಾಸ್ತಿಯ ಷರತ್ತಿನ ಮೇಲೆ. ಸಮನಾದದ್ದು 1928ರಲ್ಲಿ. ನಮ್ಮ ಸಂವಿಧಾನ ಮೊದಲ ದಿನದಿಂದಲೇ ಎಲ್ಲರಿಗೂ ಸಮನಾಗಿ ಕೊಟ್ಟಿತು. ಆದರೂ ಮೊದಲ ಚುನಾವಣೆಯ ಹೊತ್ತಿಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಕಾರಣ, ಅವರು ಇಂಥವರ ಹೆಂಡತಿ, ಇಂಥವರ ಮಗಳು ಎಂದರೇ ವಿನಾ ತಮ್ಮ ಹೆಸರು ಹೇಳಲಿಲ್ಲ. ಗೊತ್ತಿರುವವರಿಗೆ ಮಾತ್ರ ಓಟು ಎಂದಿದ್ದರೆ ನನ್ನ ಅಜ್ಜಿಗೂ ಸಿಗುತ್ತಿರಲಿಲ್ಲ, 1989ರ ನನಗೂ ಸಿಗುತ್ತಿರಲಿಲ್ಲ. ಓಟು ಕೊಟ್ಟ ಮೇಲೆ ಕಲಿತೆವು. ಎರಡನೆಯ ಸಲ ನಾನು ಅಪ್ಪನನ್ನು ಕೇಳಲಿಲ್ಲ.

ಇಲ್ಲಿಯವರೆಗೆ ಬಂದ ಮೇಲೆ, ಎಲ್ಲ ಚುನಾವಣೆಗೂ ಹದಿನಾರಕ್ಕೇ ಓಟು ಕೊಡಿ ಎನ್ನುತ್ತೀಯಾ ಎಂದು ನೀವು ಕೇಳಬಹುದು. ಚುನಾವಣೆಯ ಮಾತನ್ನು ಬದಿಗಿಡುತ್ತೇನೆ. ಚುನಾವಣೆಯಲ್ಲಿ ತಪ್ಪಿದರೆ ಐದು ವರ್ಷಕ್ಕೆ ತಿದ್ದಿಕೊಳ್ಳಬಹುದು. ಜನಮತಗಣನೆ ಹಾಗಲ್ಲ. 1975ರಲ್ಲಿ ಇದೇ ಯೂರೋಪಿನ ವಿಷಯಕ್ಕೆ ಬ್ರಿಟನ್ನಿನಲ್ಲಿ ಜನಮತಗಣನೆ ನಡೆದಿತ್ತು, ಮೂರರಲ್ಲಿ ಎರಡು ಪಾಲು ಜನ ಉಳಿಯೋಣ ಎಂದರು. ಮತ್ತೆ ಕೇಳಿದ್ದು ನಲವತ್ತೊಂದು ವರ್ಷದ ಮೇಲೆ. ನಮ್ಮ ನೆರೆಯ ಗೋವೆಯಲ್ಲಿ 1967ರ ಜನವರಿ 16ರಂದು ಮಹಾರಾಷ್ಟ್ರಕ್ಕೆ ಸೇರಬೇಕೇ, ಪ್ರತ್ಯೇಕವಾಗಿ ಉಳಿಯಬೇಕೇ ಎಂದು ಜನರನ್ನು ಕೇಳಿದರು. ಸೇರುವವರಿಗೆ ಹೂವಿನ ಗುರುತು, ಉಳಿಯುವವರಿಗೆ ಎರಡೆಲೆ. ಎರಡೆಲೆ ಗೆದ್ದಿತು. ಮತ್ತೆಂದೂ ಕೇಳಿಲ್ಲ. ಒಂದೇ ಸಲ ಕೇಳುವ ಪ್ರಶ್ನೆಯಾದರೆ, ಆ ಉತ್ತರದೊಡನೆ ಎಲ್ಲರಿಗಿಂತ ಹೆಚ್ಚು ಕಾಲ ಬಾಳಬೇಕಾದವರನ್ನು ಹೊರಗಿಡುವುದು ಸರಿಯೇ? ಸರಿಯಲ್ಲ ಎಂದು ನನ್ನ ತೀರ್ಪು. ಜನಮತಗಣನೆಗೆ ಹದಿನಾರು ಸಾಕು.

ಹಾಗೆಂದು ಇನ್ನೊಂದು ತುದಿಗೆ ಹೋಗಲಾರೆ. ಆ ದಿನಗಳಲ್ಲಿ ಅಲ್ಲಿ ಸಿಟ್ಟಿನ ಮಾತುಗಳು ಬಹಳ ಕೇಳಿಬಂದವು. ಒಂದು ದೊಡ್ಡ ಸಮೀಕ್ಷೆಯ ಪ್ರಕಾರ 18ರಿಂದ 24 ವರ್ಷದವರಲ್ಲಿ ಶೇಕಡಾ 73 ಮಂದಿ ಉಳಿಯಬೇಕೆಂದರೆ, 65 ದಾಟಿದವರಲ್ಲಿ ಶೇಕಡಾ 60 ಮಂದಿ ಬಿಡಬೇಕೆಂದಿದ್ದರು. ಮುದುಕರು ನಮ್ಮ ಭವಿಷ್ಯ ಕದ್ದರು, ಅವರಿಗೆ ಓಟೇ ಇರಬಾರದು ಎಂದು ಹುಡುಗರು ಕೂಗಿದರು. ಪುಟ್ಟನೂ ಹಾಗೆಂದ. "ನಿನ್ನ ಅಜ್ಜಿಗೂ ಬೇಡವಾ?" ಎಂದು ಕೇಳಿದೆ. ಸುಮ್ಮನಾದ. ಎಂಬತ್ತರ ಮುದುಕಿ ತನ್ನ ಉಳಿದ ನಾಲ್ಕು ದಿನಕ್ಕಾಗಿ ಮಾತ್ರ ಓಟು ಹಾಕುತ್ತಾಳೆಂದು ತಿಳಿದವರಿಗೆ ಅಜ್ಜಿಯರು ಗೊತ್ತಿಲ್ಲ. ತಾನು ತಿನ್ನಲಾರದ ಮಾವಿನ ಸಸಿಯನ್ನು ಹಿತ್ತಲಲ್ಲಿ ನೆಡುವವಳು ಅವಳೇ.

ಆಮೇಲೆ ಒಂದು ದಿನ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಬ್ರಿಟನ್ನಿನಲ್ಲಿ ಆಗ ಹದಿನಾರು, ಹದಿನೇಳರ ಮಕ್ಕಳು ಸುಮಾರು 15 ಲಕ್ಷ. ಸೋತದ್ದು 12 ಲಕ್ಷ 69 ಸಾವಿರದಿಂದ. ಆ ಮಕ್ಕಳೆಲ್ಲ ಒಬ್ಬರೂ ತಪ್ಪದೆ ಬಂದು, ನೂರಕ್ಕೆ 93 ಮಂದಿ ಉಳಿಯಬೇಕು ಎಂದಿದ್ದರೆ ಮಾತ್ರ ಫಲಿತಾಂಶ ತಿರುಗುತ್ತಿತ್ತು. ಅದು ಆಗುವ ಮಾತಲ್ಲ. ಹಾಗಾದರೆ ಓಟಿದ್ದೂ ಬಾರದವರು ಎಷ್ಟು? ಪಟ್ಟಿಯಲ್ಲಿದ್ದವರು 4 ಕೋಟಿ 65 ಲಕ್ಷ, ಬಂದವರು ನೂರಕ್ಕೆ 72. ಬಾರದೆ ಮನೆಯಲ್ಲಿ ಕೂತವರು ಸುಮಾರು 1 ಕೋಟಿ 29 ಲಕ್ಷ. ಅಂತರದ ಹತ್ತರಷ್ಟು! ಅವರಲ್ಲಿ ಒಬ್ಬಳು ನನ್ನ ತಂಗಿ.

ಈ ಲೆಕ್ಕವನ್ನು ತಂಗಿಗೆ ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕ, ಮಳೆ ನೆಪ ಕಣೆ. ಯಾರ ಮನಸ್ಸನ್ನೂ ನೋಯಿಸಬಾರದು ಅಂತ ಸುಮ್ಮನೆ ಕೂತೆ. ಇಬ್ಬರ ಮನಸ್ಸೂ ನೋಯ್ತು" ಎಂದಳು. ನಮ್ಮಲ್ಲಿ ಎಷ್ಟು ಮಂದಿ ಹೀಗೆಯೇ ಸುಮ್ಮನೆ ಕೂತು ಸಂಸಾರ ನಡೆಸಿದ್ದೇವೆ! ನಾನು ಅವಳನ್ನು ಬೈಯಲಿಲ್ಲ.

ಪುಟ್ಟನ ದುರದೃಷ್ಟ ಅಲ್ಲಿಗೂ ಮುಗಿಯಲಿಲ್ಲ. 2017ರ ಜೂನ್ 8ರಂದು ಅಲ್ಲಿ ದಿಢೀರನೆ ಚುನಾವಣೆ ಬಂತು. ಅವನಿಗೆ ಹದಿನೆಂಟು ತುಂಬಲು ಒಂದು ತಿಂಗಳು ಬಾಕಿ. ಇಡೀ ದೇಶ ಓಟು ಹಾಕಿದ ದಿನ ಅವನಿಗೂ ಓಟು ಸಿಕ್ಕಿದ್ದು 2019ರ ಮೇ 23ರಂದು, ಐರೋಪ್ಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ. ತನ್ನ ದೇಶ ಬಿಟ್ಟು ಬರುತ್ತಿದ್ದ ಪಾರ್ಲಿಮೆಂಟಿಗೆ ಅವನ ಓಟು! ಅಂದು ತಾಯಿಯೇ ಬೆಳಿಗ್ಗೆ ಏಳಕ್ಕೆ ಅವನನ್ನು ಎಬ್ಬಿಸಿ, "ನಡಿಯೋ, ನಾನೂ ಬರ್ತೀನಿ" ಎಂದಳಂತೆ. ನೆದರ್ಲ್ಯಾಂಡ್ಸಿನ ಆಸೆ ಬಿಟ್ಟು ಅವನು ಬ್ರಿಟನ್ನಿನಲ್ಲೇ ಓದಿದ, ಈಗ ಅಲ್ಲೇ ಕೆಲಸದಲ್ಲಿದ್ದಾನೆ. ತಂದೆ ಮಗ ಮಾತಾಡುತ್ತಾರೆ. ಬ್ರೆಕ್ಸಿಟ್ ಒಂದನ್ನು ಬಿಟ್ಟು.

2025ರ ಜುಲೈನಲ್ಲಿ ಬ್ರಿಟನ್ನಿನ ಸರ್ಕಾರ, ಮುಂದಿನ ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸುವುದಾಗಿ ಘೋಷಿಸಿತು. ಸ್ಕಾಟ್ಲೆಂಡ್, ವೇಲ್ಸ್‌ಗಳ ಶಾಸನಸಭೆಗಳಿಗೆ ಆಗಲೇ ಹದಿನಾರಾಗಿತ್ತು. ನಾನು ಪುಟ್ಟನಿಗೆ ಫೋನು ಮಾಡಿ, "ನೀನು ಗೆದ್ದೆ ಕಣೋ" ಎಂದೆ. ಅವನು ನಕ್ಕು, "ದೊಡ್ಡಮ್ಮ, ಹದಿನಾರರವರಿಗೆ ಓಟು ಕೊಟ್ಟರೆ ಸಾಲದು. ನಲವತ್ತು ದಾಟಿದವರನ್ನ ಸೋಫಾದಿಂದ ಎಬ್ಬಿಸೋದು ಹೇಗೆ ಹೇಳಿ" ಎಂದ.

ನಾನೂ ನಕ್ಕೆ, ಆದರೆ ಒಳಗೆ ಚುರುಕ್ಕೆಂದಿತು. 2024ರ ಮೇ 20ರಂದು ಮುಂಬಯಿಯಲ್ಲಿ ಲೋಕಸಭೆಯ ಮತದಾನ. ಬೆಂಕಿಯಂಥ ಸೆಕೆ, ಶಾಲೆಯ ಗೇಟು ದಾಟಿ ಬಂದ ಸಾಲು. ನಾಳೆಯ ಅಡುಗೆ, ಮಂಡಿನೋವು, ನನ್ನದೊಂದು ಓಟಿನಿಂದ ಏನಾದೀತು ಎಂದು ಅರ್ಧ ದಾರಿಯಿಂದ ಹಿಂದಿರುಗಿದ್ದೆ. ಮನೆಯ ಬಾಗಿಲಲ್ಲಿ ಕೀಲಿ ಹಾಕುವಾಗ ಆ ಶುಕ್ರವಾರದ ಗಂಟಲು ಕಟ್ಟಿದ ದನಿ ನೆನಪಾಯಿತು. ಕೊಡೆ ತೆಗೆದುಕೊಂಡು ಮತ್ತೆ ಹೋಗಿ ಸಾಲಿನಲ್ಲಿ ನಿಂತೆ. ಈ ಮಾತನ್ನು ಪುಟ್ಟನಿಗೆ ಇನ್ನೂ ಹೇಳಿಲ್ಲ.

ನಿಮ್ಮ ಮನೆಯಲ್ಲೂ ಹದಿನಾರರ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು. ಮುಂದಿನ ಸಲ ನೀವು ಓಟಿಗೆ ಹೊರಡುವ ಮುನ್ನ, ನಿನಗೆ ಏನನ್ನಿಸುತ್ತದೆ ಎಂದು ಅವರನ್ನೊಮ್ಮೆ ಕೇಳಿ. ಅವರು ಹೇಳಿದಂತೆಯೇ ಹಾಕಬೇಕೆಂದಿಲ್ಲ. ಕೇಳಿ, ಆಮೇಲೆ ತಪ್ಪದೆ ಹೋಗಿ ಬನ್ನಿ. ಇನ್ನು ತಂಗಿಯ ಮನೆಯ ನ್ಯಾಯ. ನನ್ನ ತೀರ್ಪು ಹೇಳಿದ್ದೇನೆ, ನಿಮ್ಮದೇನು?